ಎರಡಕ್ಕೂ ಮೂರಕ್ಕೂ ನಡುವಿನ ‘ನೋ’

ನಗುಮೊ ಎಂಬ ಹೆಸರು ನಮ್ಮ ಕಿವಿಗೆ ನಗುಮೊಗ ಎಂದಂತೆ ಕೇಳಿಸುತ್ತದೆ. ಕುಗಿಮಿಯಾನ ಕಿವಿಗೆ ಮಾತ್ರ ಅದು ಬಿದ್ದರೆ ಸಾಕು, ಮುಖದಲ್ಲಿದ್ದ ನಗುವೂ ಹೊರಟುಹೋಗುತ್ತಿತ್ತು. ಸೆತೊ ಸಮುದ್ರದ ದಂಡೆಯಲ್ಲಿದ್ದ ಕಾಗದದ ಕಾರ್ಖಾನೆಗೆ ತನ್ನದೇ ಒಂದು ಬೇಸ್‌ಬಾಲ್ ತಂಡವಿತ್ತು. ಕುಗಿಮಿಯಾ ಅದರ ಬ್ಯಾಟಿಂಗ್ ಕೋಚು. ಐವತ್ತು ದಾಟಿದ್ದರೂ ಗಂಟಲು ಮಾತ್ರ ಇಪ್ಪತ್ತರದ್ದು. ನಗುಮೊ ಅದೇ ತಂಡದ ಬ್ಯಾಟುಗಾರ. ಬೆಳಿಗ್ಗೆ ಕಾರ್ಖಾನೆಯಲ್ಲಿ ಕಾಗದದ ಸುರುಳಿಗಳಿಗೆ ಹೊದಿಕೆ ಸುತ್ತುವುದು, ಮಧ್ಯಾಹ್ನ ಉಂಡ ಮೇಲೆ ಮೈದಾನಕ್ಕೆ ಬಂದು ಕುಗಿಮಿಯಾನ ರಕ್ತದೊತ್ತಡ ಏರಿಸುವುದು, ಇಷ್ಟು ಅವನ ಕೆಲಸ.

ಕೆಟ್ಟ ಆಟಗಾರನಾಗಿದ್ದರೆ ಇಷ್ಟು ತಲೆ ಕೆಡುತ್ತಿರಲಿಲ್ಲ. ನಗುಮೊನಷ್ಟು ವೇಗವಾಗಿ ಬ್ಯಾಟು ಬೀಸುವವನು ಆ ತಂಡದಲ್ಲಷ್ಟೇ ಅಲ್ಲ, ಆ ಕರಾವಳಿಯಲ್ಲೇ ಇರಲಿಲ್ಲ. ಬ್ಯಾಟಿನ ಹಿಡಿಗೆ ಸಿಕ್ಕಿಸುವ, ಬೀಸಿದ ವೇಗವನ್ನು ತೋರಿಸುವ ಪುಟ್ಟ ಯಂತ್ರವೊಂದನ್ನು ಅವನು ಕೊಂಡುಕೊಂಡಿದ್ದ. ಒಂದೊಂದು ಬೀಸಿಗೂ ಅದನ್ನು ನೋಡುವುದು, ತಲೆದೂಗುವುದು, ಮತ್ತೆ ಬೀಸುವುದು. ಸಮಸ್ಯೆ ಏನೆಂದರೆ ಆ ಬೀಸಿನ ದಾರಿಯಲ್ಲಿ ಚೆಂಡು ಇರುತ್ತಿರಲಿಲ್ಲ. ಚೆಂಡು ಇನ್ನೂ ಬರುತ್ತಲೇ ಇರುತ್ತಿತ್ತು, ಇವನ ಬ್ಯಾಟು ಆಗಲೇ ಹೋಗಿ ಬಂದಾಗಿರುತ್ತಿತ್ತು. ತಗುಲಿದರೂ ಎಡಗಡೆಯ ಗೆರೆಯಾಚೆ ಹಾರಿ ಫೌಲ್ ಆಗಿ, ಕಾರ್ಖಾನೆಯ ಸೈಕಲ್ ಷೆಡ್ಡಿನ ತಗಡಿನ ಮೇಲೆ ಧಡಾರೆಂದು ಬೀಳುತ್ತಿತ್ತು.

ಇದರ ಲೆಕ್ಕವನ್ನು ಕುಗಿಮಿಯಾ ಎಷ್ಟು ಸಲ ಬಿಡಿಸಿ ಹೇಳಿದ್ದನೋ. ಬ್ಯಾಟಿಗೆ ವೇಗ ಯಾಕೆ ಬೇಕು? ದೂರ ಹೊಡೆಯಲು ಮಾತ್ರವಲ್ಲ, ತಡವಾಗಿ ಹೊರಡಲು. ರೈಲ್ವೆ ಸ್ಟೇಷನ್ನಿಗೆ ಓಡಿ ಹೋಗಬಲ್ಲವನು ಮನೆಯಲ್ಲಿ ಇನ್ನೊಂದು ಲೋಟ ಚಹಾ ಕುಡಿದು ಹೊರಡಬಹುದು. ಚೆಂಡು ನೇರವಾಗಿ ಬರುತ್ತದೋ ಕೆಳಗೆ ಬೀಳುತ್ತದೋ ಎಂದು ಆ ಹೊತ್ತಿನಲ್ಲಿ ನೋಡಿಕೊಳ್ಳಬಹುದು. ಈ ಮಹಾರಾಯ ಓಡುವುದನ್ನೂ ಕಲಿತ, ಬೇಗ ಹೊರಡುವುದನ್ನೂ ಬಿಡಲಿಲ್ಲ, ಖಾಲಿ ಸ್ಟೇಷನ್ನಿನಲ್ಲಿ ಹೋಗಿ ನಿಂತುಕೊಂಡ. ಅದರ ಮೇಲೆ ಇನ್ನಷ್ಟು ವೇಗ ಬರಲೆಂದು ಬ್ಯಾಟನ್ನು ಬೆನ್ನ ಹಿಂದೆ ದೂರದವರೆಗೆ ಒಯ್ಯತೊಡಗಿದ. ದಾರಿ ಉದ್ದವಾಯಿತು. ಉದ್ದದ ದಾರಿಗೆ ಇನ್ನೂ ಬೇಗ ಹೊರಡಬೇಕಾಯಿತು. ಒಮ್ಮೆ ಹೊರಟ ಆ ಬ್ಯಾಟನ್ನು ಅವನಿರಲಿ, ಅವನನ್ನು ಹೆತ್ತವರು ಬಂದರೂ ನಿಲ್ಲಿಸಲು ಆಗುತ್ತಿರಲಿಲ್ಲ. ಹೀಗಿದೆ ಎಂದು ತಿಳಿದ ಎದುರಾಳಿ ಪಿಚರ್‌ಗಳು ಅವನಿಗೆ ನಿಧಾನದ ಚೆಂಡನ್ನೇ ಎಸೆದು, ಟೊಪ್ಪಿ ಸರಿಮಾಡಿಕೊಂಡು ನಗುತ್ತಿದ್ದರು.

ಆ ದೇಶದಲ್ಲಿ ಬ್ಯಾಟು ಹಿಡಿದ ಮಕ್ಕಳಿಗೆಲ್ಲ ಹೇಳಿಕೊಡುವ ಒಂದು ಎಣಿಕೆಯಿದೆ. ಇಚಿ, ನಿ ನೋ, ಸಾನ್. ಇಚಿ ಎಂದರೆ ಒಂದು, ನಿ ಎಂದರೆ ಎರಡು, ಸಾನ್ ಎಂದರೆ ಮೂರು. ನಡುವಿನ ‘ನೋ’ಗೆ ಅಲ್ಲಿ ಅರ್ಥವಿಲ್ಲ. ನಾವು ಒಂದು, ಎರಡೂ, ಮೂರು ಎನ್ನುವಾಗ ಎರಡರ ಬಾಲವನ್ನು ಎಳೆಯುತ್ತೇವಲ್ಲ, ಆ ಎಳೆತವೇ ‘ನೋ’. ಪಿಚರ್ ಕಾಲೆತ್ತಿದರೆ ಒಂದು, ಕೈ ಹಿಂದಕ್ಕೊಯ್ದರೆ ಎರಡು, ಚೆಂಡು ಬರುವಷ್ಟು ಹೊತ್ತು ‘ನೋ’, ಬಂದ ಮೇಲೆ ಮೂರು. ಆಟವೆಲ್ಲ ಆ ಅರ್ಥವಿಲ್ಲದ ಅಕ್ಷರದಲ್ಲಿದೆ ಎಂಬುದು ಕುಗಿಮಿಯಾನ ನಂಬಿಕೆ. ಅಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲೆಯೋ ಅಷ್ಟು ದೊಡ್ಡ ಬ್ಯಾಟುಗಾರ ನೀನು ಎಂದು ಎಲ್ಲರಿಗೂ ಹೇಳುತ್ತಿದ್ದ.

ನಗುಮೊಗೆ ಇದನ್ನು ಎರಡು ವರ್ಷ ಹೇಳಿದ. “ನೋ ಎಳಿಯೋ, ಎಳಿ” ಎಂದು ಬಲೆಯ ಹಿಂದೆ ನಿಂತು ಕಿರುಚಿದ. ನಗುಮೊ ಇನ್ನೂ ಬೇಗ ಬೀಸಿದ. ಸ್ವರವನ್ನು ಮಾರುದ್ದ ಎಳೆದು “ನೋ....” ಎಂದು ತಾನೇ ಹಾಡಿ ತೋರಿಸಿದ. ನಗುಮೊ ಆ ಹಾಡಿನ ಮೊದಲಲ್ಲೇ ಬೀಸಿ ಮುಗಿಸಿದ. ತನ್ನೊಬ್ಬನ ಗಂಟಲು ಸಾಲದೆಂದು ಬೆಂಚಿನ ಮೇಲೆ ಕೂತ ಆಟಗಾರರಿಗೆಲ್ಲ ಕೂಗಲು ಕಲಿಸಿದ. ಅವರಿಂದ ಅದು ಕಾರ್ಖಾನೆಯ ಬೆಂಬಲಿಗರ ಗುಂಪಿಗೆ ಹಬ್ಬಿತು. ನಗುಮೊ ಬ್ಯಾಟಿಗೆ ಬಂದರೆ ಡೊಳ್ಳು ಬಾರಿಸಿ, ಇನ್ನೂರು ಜನ ಒಂದೇ ದನಿಯಲ್ಲಿ ‘ನೋ’ ಎಳೆಯುತ್ತಿದ್ದರು. ಇಷ್ಟಾದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆಯೇ ಆಯಿತು. ಕುಗಿಮಿಯಾ ಮನೆಗೆ ಹೋಗಿ ಹೆಂಡತಿಯ ಮುಂದೆ, ಈ ಹುಡುಗ ಬೇಕೆಂದೇ ಮಾಡುತ್ತಿದ್ದಾನೆ ಎಂದು ಚಾಪ್‌ಸ್ಟಿಕ್ಕನ್ನು ಮೇಜಿಗೆ ಕುಕ್ಕುತ್ತಿದ್ದ. ಹಾಗೆ ಬೇಕೆಂದು ಮಾಡಿದರೆ ಅವನಿಗೇನು ಸಿಗುತ್ತದೆ ಎಂದು ಆಕೆ ಕೇಳಿದರೆ ಇನ್ನೊಮ್ಮೆ ಕುಕ್ಕುತ್ತಿದ್ದ.

ಅಂಥ ಕಾರ್ಖಾನೆ ತಂಡಗಳಲ್ಲಿ ಆಟ ಬಿಡಿಸಿ, ಪೂರ್ತಿ ದಿನದ ನೌಕರಿಗೆ ಕಳಿಸುವುದಕ್ಕೆ ‘ಮೇಲೆ ಹೋಗುವುದು’ ಎನ್ನುತ್ತಾರೆ. ನಮ್ಮಲ್ಲಿ ಮೇಲೆ ಹೋದ ಎಂದರೆ ಏನೆಂದು ಹೇಳಬೇಕಾಗಿಲ್ಲ. ಆಟವನ್ನೇ ಉಸಿರಾಡಿದವನಿಗೆ ಅವರ ಮಾತಿಗೂ ನಮ್ಮ ಮಾತಿಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಆ ಬೇಸಿಗೆಯ ಪ್ರಾದೇಶಿಕ ಸುತ್ತು ಮುಗಿದ ಕೂಡಲೇ ನಗುಮೊ ಮೇಲೆ ಹೋಗುತ್ತಾನೆಂದು ತಂಡದ ಮ್ಯಾನೇಜರ್ ಹಿಗಾಕಿ ಆಗಲೇ ಕುಗಿಮಿಯಾನ ಕಿವಿಯಲ್ಲಿ ಹೇಳಿದ್ದ. ಉಳಿದಿದ್ದದ್ದು ಒಂದೇ ಪಂದ್ಯ. ಅದರಲ್ಲಿ ಸೋತರೆ ತಂಡವೂ ಮನೆಗೆ.

ಪಂದ್ಯದ ಹಿಂದಿನ ಸಂಜೆ ಮಳೆ ಬಂದು ನಿಂತಿತ್ತು. ಅಭ್ಯಾಸದ ಬ್ಯಾಟುಗಾರನ ಸುತ್ತ ಚೆಂಡು ತಡೆಯಲು ನಿಲ್ಲಿಸುವ ದೊಡ್ಡ ಕಬ್ಬಿಣದ ಪಂಜರ ಕೆಸರಿನಲ್ಲಿ ಹೂತುಕೊಂಡಿತ್ತು. ಅದನ್ನೆತ್ತಿ ಹಲಗೆಯ ಮೇಲೆ ಇಡಬೇಕು. ನಾಲ್ಕು ಮೂಲೆಗೆ ನಾಲ್ವರು ನಿಂತರು. ಒಂದು ಮೂಲೆಗೆ ಕುಗಿಮಿಯಾ, ಎದುರು ಮೂಲೆಗೆ ನಗುಮೊ. ಕುಗಿಮಿಯಾನೇ ಎಣಿಸಿದ. ಇಚಿ, ನಿ, ನೋ ಎನ್ನುವಷ್ಟರಲ್ಲಿ ನಗುಮೊನ ಮೂಲೆಯೊಂದೇ ಆಕಾಶಕ್ಕೆ ಹೋಯಿತು. ಪಂಜರ ವಾಲಿ, ಅದರ ಕಾಲು ಬಂದು ಕುಗಿಮಿಯಾನ ಕಾಲಿನ ಹೆಬ್ಬೆರಳ ಮೇಲೆ ಕೂತಿತು.

ಅಲ್ಲಿಂದ ಮುಂದೆ ಅವನು ಆಡಿದ ಮಾತುಗಳನ್ನು ಅಚ್ಚು ಹಾಕುವಂತಿಲ್ಲ. ಬೆರಳನ್ನು ಬಕೆಟ್ಟಿನ ತಣ್ಣೀರಿನಲ್ಲಿಟ್ಟುಕೊಂಡು, ಎದುರಿಗೆ ತಲೆ ತಗ್ಗಿಸಿ ನಿಂತ ನಗುಮೊನನ್ನು ಕೇಳಿದ.

“ಪಂಜರ ಎತ್ತೋದ್ರಲ್ಲೂ ಏನೋ ನಿಂಗೆ ಅವಸರ? ಮೂರು ಅನ್ನೋ ಗಂಟ ತಡ್ಕೊಳ್ಳೋಕಾಗಲ್ವಾ?”

“ಮೂರಕ್ಕೆ ಎತ್ತೋದಾ ಸಾರ್?” ನಗುಮೊ ನಿಜವಾಗಿಯೂ ಬೆರಗಾಗಿದ್ದ. “ಎತ್ತೋದು ‘ನೋ’ಗಲ್ವಾ?”

“ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ನಮ್ಮ ದ್ವೀಪದಲ್ಲಿ ಬಲೆ ಎಳೆಯೋವಾಗ ಅಜ್ಜಿ ಎಣಿಸ್ತಿದ್ದಳು. ಇಚಿ, ನಿ, ‘ನೋ’ ಅಂದ್ರೆ ಎಲ್ಲಾ ಒಟ್ಟಿಗೆ ಎಳೀಬೇಕು. ಸಾನ್ ಅಂದ್ರೆ ಉಸಿರು ಬಿಡೋದು. ಮೂರರ ತನಕ ಕಾದ್ರೆ ಅಲೆ ಬಲೆ ಸಮೇತ ನಮ್ಮನ್ನೂ ಎಳ್ಕೊಂಡು ಹೋಗತ್ತೆ ಸಾರ್.”

ಕುಗಿಮಿಯಾ ಬಕೆಟ್ಟಿನಿಂದ ಕಾಲು ತೆಗೆಯುವುದನ್ನೂ ಮರೆತ. ಎರಡು ವರ್ಷ ತಾನು ಎಳೆ ಎಂದದ್ದು ಸ್ವರವನ್ನು. ಈ ಹುಡುಗನ ಕೈ ಎಳೆಯುತ್ತಿದ್ದದ್ದು ಬಲೆಯನ್ನು. ತಾನು ಗಟ್ಟಿಯಾಗಿ ಕೂಗಿದಷ್ಟೂ ಇವನು ಜೋರಾಗಿ ಎಳೆದಿದ್ದಾನೆ. ಇನ್ನೂರು ಜನ ಸೇರಿ ಕೂಗಿದ ದಿನವಂತೂ ಅವನ ಮೈಗೆ ಇಡೀ ದ್ವೀಪವೇ ಬಂದು ಹಗ್ಗ ಹಿಡಿದಂತಾಗಿರಬೇಕು. ‘ನೋ’ ಎಂದರೆ ಕಾಯುವುದು ಎಂದು ಗೊತ್ತಿಲ್ಲವೇನೋ ಎಂದು ಕೇಳಿದರೆ, ತಲೆಗೆ ಗೊತ್ತು ಸಾರ್, ಕೈಗೆ ಗೊತ್ತಿಲ್ಲ ಎಂದ. ಇದನ್ನು ಒಂದು ದಿನವಾದರೂ ಬಾಯಿಬಿಟ್ಟು ಹೇಳಬಾರದಿತ್ತೇ ಎಂದರೆ, ಎಲ್ಲರೂ ಹಾಗೇ ಎಳೆಯುತ್ತಾರೆಂದುಕೊಂಡಿದ್ದೆ ಎಂದ. ಇದಕ್ಕೆ ಏನೆಂದು ಬೈಯುವುದು? ಬೈಗುಳ ಸಿಗದೆ ಕುಗಿಮಿಯಾನಿಗೆ ಇನ್ನೂ ಸಿಟ್ಟು ಬಂತು.

ಕತ್ತಲಾಗುವ ಮೊದಲು ಅವನನ್ನು ನಿಲ್ಲಿಸಿ ಬೇರೆ ಎಣಿಕೆ ಪ್ರಯತ್ನಿಸಿದ. ‘ನೋ’ ಬದಲು ‘ತೋಫು’ ಎಂದು ಹೇಳಿಸಿದ. ಒಂದು, ಎರಡು, ತೋಫು, ಮೂರು. ನಗುಮೊಗೆ ನಗು ಬಂದು ಬ್ಯಾಟೇ ಬೀಸಲಾಗಲಿಲ್ಲ. ಎಣಿಕೆಯೇ ಬೇಡ, ಬಾಯಿ ಮುಚ್ಚಿಕೊಂಡು ಹೊಡೆ ಎಂದ. ಬಾಯಿ ಮುಚ್ಚಿದರೂ ಒಳಗೆ ಅಜ್ಜಿ ಎಣಿಸುತ್ತಾಳೆ ಸಾರ್ ಎಂದ. ಕುಗಿಮಿಯಾ ಟೊಪ್ಪಿಯನ್ನು ನೆಲಕ್ಕೆ ಬಡಿದು, ಕುಂಟುತ್ತ ಹಿಗಾಕಿಯ ಕೋಣೆಗೆ ಹೋದ.

ಹಿಗಾಕಿ ಕಡಿಮೆ ಮಾತಿನವನು; ಉಪ್ಪು ಹಾಕಿದ ಉಮೆ ಎಂಬ ಹುಳಿಕಾಯಿಯನ್ನು ಕೆನ್ನೆಯೊಳಗೆ ಅತ್ತಿತ್ತ ಹೊರಳಿಸುತ್ತ ಪೂರ್ತಿ ಕೇಳಿಸಿಕೊಂಡ. ನಾಳೆ ನಗುಮೊನನ್ನು ಒಂದು ಸಲವಾದರೂ ಬ್ಯಾಟಿಗಿಳಿಸಬೇಕು, ದೋಷ ಅವನ ಬ್ಯಾಟಿನದಲ್ಲ ಎಂದು ಕುಗಿಮಿಯಾ ಮೇಜು ಗುದ್ದಿದ.

“ಮತ್ತೆ ಯಾರದ್ರೀ?”

“ನನ್ನ ಬಾಯಿದು.”

ಹಿಗಾಕಿ ಉಮೆಯ ಬೀಜವನ್ನು ಕಾಗದದಲ್ಲಿ ಉಗಿದು, ಮಡಿಸಿ ಪಕ್ಕಕ್ಕಿಟ್ಟ. “ಹಾಗಾದ್ರೆ ಕೇಳಿ ಕುಗಿಮಿಯಾ ಅವರೇ. ನಾಳೆ ಇಳಿಸ್ತೀನಿ. ಹೊಡೀಲಿಲ್ಲ ಅಂದ್ರೆ ಅವನು ಮೇಲೆ ಹೋಗ್ತಾನೆ, ಅದು ಮೊದಲೇ ಆಗಿದ್ದ ಮಾತು. ಹೊಡೆದ ಅಂದ್ರೆ ಏನರ್ಥ? ಹೊಡೆಯೋ ಹುಡುಗನನ್ನ ಎರಡು ವರ್ಷ ಹೊಡೆಯದ ಹಾಗೆ ಕಟ್ಟಿ ಹಾಕಿದವರು ನೀವು ಅಂತ. ಅಂಥ ಕೋಚನ್ನ ಇಟ್ಕೊಂಡು ಕಂಪನಿಗೆ ನಾನೇನು ಉತ್ತರ ಕೊಡ್ಲಿ? ಇಬ್ಬರಲ್ಲಿ ಒಬ್ಬರು ಮೇಲೆ ಹೋಗ್ಲೇಬೇಕು.”

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನಗುಮೊಗೆ ದಿನಬೆಳಗಾದರೆ ಕಾಯುವುದನ್ನು ಬೋಧಿಸುತ್ತಿದ್ದ ಕುಗಿಮಿಯಾ ಒಂದು ಉಸಿರು ಕೂಡ ಕಾಯದೆ “ಆಯ್ತು” ಎಂದುಬಿಟ್ಟ. ಕೋಣೆಯಿಂದ ಹೊರಗೆ ಬಂದ ಮೇಲೆ ತಾನು ಒಪ್ಪಿಕೊಂಡದ್ದು ಏನೆಂದು ತಿಳಿಯಿತು. ಹದಿನೆಂಟನೆಯ ವಯಸ್ಸಿನಿಂದ ಅವನು ಆ ಮೈದಾನ ಬಿಟ್ಟು ಬೇರೆಡೆ ಮಧ್ಯಾಹ್ನ ಕಳೆದವನಲ್ಲ. ಇನ್ನು ಗೋದಾಮಿನಲ್ಲಿ ಲಾರಿಗೆ ಚೀಟಿ ಕೊಡುತ್ತ ಕೂರಬೇಕಾಗಬಹುದು. ವಾಪಸು ಹೋಗಿ ಮಾತು ಬದಲಿಸೋಣವೆಂದರೆ ನಾಚಿಕೆ ಅಡ್ಡ ಬಂತು. ನಗುಮೊನ ಮೇಲೆ, ಅವನ ಅಜ್ಜಿಯ ಮೇಲೆ, ಆ ದ್ವೀಪದ ಮೀನುಗಳ ಮೇಲೂ ಸಿಟ್ಟು ಬಂತು. ನಗುಮೊಗೆ ಮಾತ್ರ ಇದ್ಯಾವುದನ್ನೂ ಹೇಳಲಿಲ್ಲ.

ಮರುದಿನ ಪಂದ್ಯ ಕೊನೆಯ ಇನಿಂಗ್ಸಿನವರೆಗೂ ಸಮಸಮ ನಡೆಯಿತು. ಕೊನೆಯ ಸರದಿ ಕಾರ್ಖಾನೆ ತಂಡದ್ದು. ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಸರದಿ ಮುಗಿಯುತ್ತಿತ್ತು. ಒಬ್ಬ ಎರಡನೇ ಬೇಸಿನಲ್ಲಿ ನಿಂತಿದ್ದ. ಅವನು ಬ್ಯಾಟುಗಾರನ ಕಾಲಬಳಿಯ ‘ಮನೆ’ ಮುಟ್ಟಿದರೆ ಗೆಲುವು. ಹಿಗಾಕಿ ಬೆಂಚಿನಿಂದ ಎದ್ದು ನಗುಮೊನ ಹೆಸರು ಹೇಳಿದ, ಆಮೇಲೆ ಕುಗಿಮಿಯಾನ ಕಡೆ ಒಂದು ಸಲ ನೋಡಿ ಕೂತ.

ನಗುಮೊ ಗೆರೆಯೊಳಗೆ ಕಾಲಿಡುತ್ತಲೇ ಡೊಳ್ಳು ಶುರುವಾಯಿತು. ಕುಗಿಮಿಯಾ ಬೆಂಚಿನವರಿಗೆ ಸುಮ್ಮನಿರಿ ಎಂದು ಕೈ ಮಾಡಿದ. ಇನ್ನೂ ಜೋರಾಗಿ ಎನ್ನುತ್ತಿದ್ದಾನೆಂದು ಅವರು ಎದ್ದು ನಿಂತು ಕೂಗಿದರು. ಅವರಿಂದ ಹುರುಪು ಪಡೆದು ಮೇಲಿನ ಇನ್ನೂರು ಜನ ಕೂಗಿದರು. ಪಿಚರ್ ಕಾಲೆತ್ತಿದ, ಕೈ ಹಿಂದಕ್ಕೊಯ್ದ, ಇಡೀ ಮೈದಾನ ‘ನೋ’ ಎಂದು ಮೊರೆಯಿತು. ನಿಧಾನದ ಚೆಂಡು. ನಗುಮೊನ ಬ್ಯಾಟು ಗಾಳಿಯನ್ನು ಸೀಳಿತು, ಚೆಂಡು ಅದರ ಹಿಂದೆ ಮೆಲ್ಲಗೆ ಬಂದು, ಹಿಂದೆ ಕುಕ್ಕರಿಸಿದ್ದ ಕ್ಯಾಚರನ ಕೈಗೆ ಬಿತ್ತು. ಮೊದಲ ಸ್ಟ್ರೈಕ್. ಇನ್ನೆರಡಾದರೆ ಮುಗಿಯಿತು.

ಕುಗಿಮಿಯಾ ತಲೆ ಚಚ್ಚಿಕೊಳ್ಳಲು ಎತ್ತಿದ ಕೈ ಅಲ್ಲೇ ನಿಂತಿತು. ಎರಡು ವರ್ಷ ಅವನು ನೋಡಿದ್ದು ಬ್ಯಾಟನ್ನು. ಆ ದಿನ ಮೊದಲ ಸಲ ಕೈ ನೋಡಿದ್ದ. ಬ್ಯಾಟನ್ನು ಅಷ್ಟು ಹಿಂದೆ ಒಯ್ದು ಇಟ್ಟುಕೊಂಡಿದ್ದರೂ, ‘ನೋ’ ಎಂದೊಡನೆ ಆ ಕೈಗಳು ಮೊದಲು ಇನ್ನೊಂದು ಗೇಣು ಹಿಂದಕ್ಕೆ ಜಗ್ಗಿದ್ದವು. ಬಲೆ ಎಳೆಯುವವನ ಕೈ ತನ್ನ ಮೈಯ ಕಡೆಗೇ ಬರಬೇಕಲ್ಲ. ಆ ಜಗ್ಗು ಮುಗಿದ ಮೇಲೇ ಬ್ಯಾಟು ಮುಂದೆ ಹೋಗಿದ್ದು.

ಅಂಪೈರನನ್ನು ಕೇಳಿ ಆಟ ನಿಲ್ಲಿಸಿದ. ಸುಮ್ಮನೆ ಕೂತಿರಬಹುದಿತ್ತು. ಸುಮ್ಮನೆ ಕೂತಿದ್ದರೆ ಮೈದಾನ ತನ್ನದಾಗಿಯೇ ಉಳಿಯುತ್ತದೆಂಬ ಯೋಚನೆ ಅರ್ಧ ದಾರಿಯಲ್ಲಿ ಬಂತು. ಆ ಯೋಚನೆ ಬಂದದ್ದಕ್ಕೇ ತನ್ನ ಮೇಲೆ ರೇಗಿಕೊಂಡು, ಕುಂಟುವ ಕಾಲನ್ನು ಬೇಗ ಬೇಗ ಎತ್ತಿ ಹಾಕಿದ.

“ಲೋ, ಕೇಳಿಲ್ಲಿ. ‘ನೋ’ ಅಂದಾಗ ಎಳಿ.”

ನಗುಮೊ ಕಣ್ಣು ಕಣ್ಣು ಬಿಟ್ಟ. “ಎಳೀಬಾರ್ದು ಅಂತ ನಿನ್ನೆಯೆಲ್ಲಾ ಬೈದ್ರಲ್ಲ ಸಾರ್.”

“ನಿನ್ನೆ ಸುಡುಗಾಡಿಗೆ ಹೋಗ್ಲಿ. ಮೊದಲೇ ಬ್ಯಾಟನ್ನ ಹಿಂದೆ ಒಯ್ದು ಇಟ್ಕೋಬೇಡ. ಎದೆ ಹತ್ರ ಸುಮ್ನೆ ಹಿಡ್ಕೊಂಡಿರು. ಅವರು ‘ನೋ’ ಅಂದಾಗ ಅಜ್ಜಿ ಹೇಳ್ಕೊಟ್ಟ ಹಾಗೆ ಹಿಂದಕ್ಕೆ ಎಳಿ. ಎಳೆದಾದ್ಮೇಲೆ ಎದುರಿಗೆ ಏನಿರತ್ತೋ ಅದಕ್ಕೆ ಹೊಡಿ.”

“ಅಷ್ಟು ತಡವಾಗಿ ಎಳೆದ್ರೆ ಬ್ಯಾಟು ಒಂದು ಗೇಣು ಹಿಂದೆ ಹೋಗತ್ತೆ ಅಷ್ಟೇ. ವೇಗವೇ ಬರಲ್ಲ ಸಾರ್.”

“ಬರದೇ ಇರ್ಲಿ.”

“ಮುದುಕರು ಹೊಡೆದ ಹಾಗೆ ಕಾಣತ್ತೆ.”

“ನಿನ್ನ ವೇಗ ನೋಡೋಕೆ ಯಾರೂ ಟಿಕೆಟ್ ತಗೊಂಡು ಬಂದಿಲ್ಲ ಕಣೋ,” ಕುಗಿಮಿಯಾನ ದನಿ ಒಡೆಯಿತು. “ವೇಗ ನಿನ್ನ ಹತ್ರ ಬೇಕಾದಷ್ಟಿದೆ. ಅದರಲ್ಲಿ ಸ್ವಲ್ಪ ಕೊಟ್ಟು ಒಂಚೂರು ಹೊತ್ತು ತಗೋ. ಇವತ್ತೊಂದಿನ ನನ್ನ ಮಾತು ಕೇಳೋ, ನಿನ್ನ ಕಾಲಿಗೆ ಬೀಳ್ತೀನಿ.”

ನಗುಮೊ ಅವನ ಮುಖವನ್ನು ನೋಡಿದ. ಕೋಚಿನ ಕಣ್ಣಲ್ಲಿ ನೀರು ಕಂಡದ್ದು ಅವನಿಗೆ ಅದೇ ಮೊದಲು. ಬೆರಳಿನ ನೋವಿರಬೇಕು ಎಂದುಕೊಂಡ. ಬ್ಯಾಟನ್ನು ಎದೆಯ ಹತ್ತಿರ ತಂದು ಹಿಡಿದ.

ಮುಂದಿನದು ವೇಗದ ಚೆಂಡು. ಮೈದಾನ ‘ನೋ’ ಎಂದಿತು, ನಗುಮೊ ಎಳೆದ, ಬೀಸಿದ. ಚೆಂಡು ಬ್ಯಾಟಿನ ಅಂಚಿಗೆ ತಗುಲಿ ಬಲಗಡೆಯ ಗೆರೆಯಾಚೆ ಹೋಯಿತು. ಫೌಲ್, ಎರಡನೇ ಸ್ಟ್ರೈಕ್. ಬೆಂಚಿನವರು ಅಯ್ಯೋ ಎಂದರು. ಕುಗಿಮಿಯಾನ ಮೈ ಜುಮ್ಮೆಂದಿತು: ಎರಡು ವರ್ಷಗಳಲ್ಲಿ ಆ ಹುಡುಗನ ಚೆಂಡು ಬಲಗಡೆಗೆ ಹೋದದ್ದೇ ಇಲ್ಲ. ಅವನು ಮೊದಲ ಬಾರಿಗೆ ತಡ ಮಾಡಿದ್ದ.

ಆ ಪಿಚರ್ ಎಲ್ಲರಂತೆ ಯೋಚಿಸಿದ. ಇನ್ನೊಂದು ನಿಧಾನದ ಚೆಂಡು ಸಾಕು ಎಂದು ಎಸೆದ. ಇನ್ನೂರು ಜನ ‘ನೋ’ ಎಳೆದರು. ನಗುಮೊನ ಕೈಗಳು ಮೈಯ ಕಡೆಗೆ ಬಂದವು, ಬಲೆ ತುಂಬಾ ಭಾರವಾಗಿದೆಯೇನೋ ಎಂಬಂತೆ ಅಲ್ಲೇ ಒಂದಿಷ್ಟು ತಡೆದವು. ಚೆಂಡು ಕೆಳಗಿಳಿಯುತ್ತ ಬಂತು. ಆಮೇಲೆ ಬ್ಯಾಟು ಹೊರಟಿತು, ಚಿಕ್ಕ ದಾರಿಯಲ್ಲಿ, ಚಿಕ್ಕ ವೇಗದಲ್ಲಿ. ಟಪ್ ಎಂದು ಒದ್ದೆ ಬಟ್ಟೆ ಬಿದ್ದಂಥ ಶಬ್ದ ಬಂತು. ಚೆಂಡು ಹಾರಿತೆನ್ನುವುದಕ್ಕಿಂತ ಎದ್ದು ಹೋಯಿತೆನ್ನಬೇಕು. ಮೊದಲ ಬೇಸು ಕಾಯುತ್ತಿದ್ದ ಎದುರಾಳಿಯ ಚಾಚಿದ ಕೈಯ ಮೇಲೆ ಹಾದು, ಅವನ ಹಿಂದಿನ ಹುಲ್ಲಿನಲ್ಲಿ ಬಿದ್ದು ಸುಮ್ಮನಾಯಿತು. ಎರಡನೇ ಬೇಸಿನಲ್ಲಿದ್ದ ಕಾರ್ಖಾನೆ ತಂಡದವನು ಮೂರನೆಯದನ್ನು ಸುತ್ತಿ ಬಂದು ಮನೆ ಮುಟ್ಟಿದ. ಅಲ್ಲಿಗೆ ಪಂದ್ಯ ಮುಗಿಯಿತು.

ಎಲ್ಲರೂ ನಗುಮೊನ ಮೇಲೆ ಬಿದ್ದು ನೀರು ಸುರಿದರು. ಕುಗಿಮಿಯಾ ಬೆಂಚಿನಿಂದ ಏಳಲಿಲ್ಲ. ಸಂತೋಷ ಆಗಿತ್ತು; ಇಷ್ಟು ವರ್ಷದಲ್ಲಿ ಆಗದಷ್ಟು ಆಗಿತ್ತು. ಅದೇ ಹೊತ್ತಿಗೆ ಯಾರನ್ನಾದರೂ ಹಿಡಿದು ಬಾರಿಸಬೇಕೆಂದೂ ಅನ್ನಿಸುತ್ತಿತ್ತು. ಹಿಗಾಕಿ ಹತ್ತಿರ ಬಂದು ತಲೆಬಾಗಿ ವಂದಿಸಿದ. ಗೆದ್ದದ್ದಕ್ಕೆ ಅಭಿನಂದಿಸುವಾಗ ಬಾಗುವುದಕ್ಕಿಂತ ಹೆಚ್ಚು ಬಾಗಿದ. ಗೋದಾಮಿಗೆ ಹೇಳಿಡುತ್ತೇನೆ, ಸೋಮವಾರದಿಂದ ಎಂದಷ್ಟೇ ಹೇಳಿದ. ಕುಗಿಮಿಯಾ ತಲೆಯಾಡಿಸಿದ.

ತೊಯ್ದು ತೊಪ್ಪೆಯಾಗಿದ್ದ ನಗುಮೊ ಓಡಿ ಬಂದು ಅವನೆದುರು ನಿಂತ.

“ಏನ್ ಸಾರ್ ನೀವು? ‘ನೋ’ಗೆ ಎಳಿ ಅಂತ ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವಾ? ಎರಡು ವರ್ಷ ಸುಮ್ನೆ ಹಾಳಾಯ್ತು.”

ಎರಡು ವರ್ಷ ದಿನಾ ಅದೇ ಮಾತನ್ನು ಗಂಟಲು ಹರಿಯುವಂತೆ ಹೇಳಿದ್ದ ಕುಗಿಮಿಯಾನ ಬಾಯಿಗೆ ಒಟ್ಟಿಗೆ ಹತ್ತು ಉತ್ತರ ಬಂದವು. ಅವನ್ನೆಲ್ಲ ಬಿಟ್ಟು ಟೊಪ್ಪಿ ಎತ್ತಿ ತಲೆಗೆ ಹಾಕಿಕೊಂಡ.

“ಇದನ್ನ ಕೈಗೆ ಕೂರಿಸ್ಕೋಬೇಕು ಸಾರ್,” ನಗುಮೊ ಬ್ಯಾಟನ್ನು ಎದೆಯ ಹತ್ತಿರ ಹಿಡಿದು ಮತ್ತೆ ಮತ್ತೆ ಎಳೆದು ನೋಡುತ್ತಿದ್ದ. “ಸೋಮವಾರ ಸ್ವಲ್ಪ ಬೇಗ ಬರ್ತೀರಾ?”

“ಸೋಮವಾರ ಹೊಸ ಕೋಚು ಬರ್ತಾರೆ.” ಕುಗಿಮಿಯಾ ಗೋಡೆ ಹಿಡಿದು ಎದ್ದ. “ಅವರು ಬಾಯಿ ತೆಗೆಯೋಕೆ ಮುಂಚೆ ಕೇಳ್ಕೊ, ಅವರ ಊರಲ್ಲಿ ಬಲೆ ಯಾವಾಗ ಎಳೀತಾರೆ ಅಂತ.”

ನಗುಮೊ ನಕ್ಕ. ಕೋಚು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಗೆಳೆಯರ ಕಡೆಗೆ ಓಡಿದ.